ಪುಂಟಾ ಕಾನಾ ಕಡಲತೀರದಲ್ಲಿ ಒಂದು ವಾರ: ಅತ್ತೆ-ಮಾವ, ಮಕ್ಕಳು, ಚಟ್ನಿಪುಡಿ ಸಮೇತ

ನ್ಯೂಜೆರ್ಸಿಯಲ್ಲಿ ಮೊದಲ ಹಿಮ ಬಿದ್ದ ವಾರ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: "ಪುಂಟಾ ಕಾನಾಗೆ ಹೋಗಿದ್ದವರು ಯಾರಾದ್ರೂ ಇದ್ದೀರಾ? ವೆಜ್ ಊಟಕ್ಕೆ ಏನು ಮಾಡಿದ್ರಿ?" ಕೆರಿಬಿಯನ್ ದ್ವೀಪವೊಂದರ ಕಡಲತೀರದ ಊರು ಅದು. ಊಟದ ವಿಚಾರಕ್ಕೆ ಆಮೇಲೆ ಬರುತ್ತೇನೆ, ಅದು ಅಷ್ಟೇನೂ ಕಷ್ಟವಿಲ್ಲ. ಈ ಪ್ರವಾಸ ಕೆಡುವುದು ತಟ್ಟೆಯ ಮುಂದೆ ಅಲ್ಲ, ಏರ್‌ಪೋರ್ಟ್ ಕೌಂಟರಿನ ಮುಂದೆ. ಹಾಗಾಗಿ ಎಲ್ಲರೂ ಮಾಡುವ ಹಾಗೆ ರಿಸಾರ್ಟಿನ ಫೋಟೋ ನೋಡಿ ಶುರು ಮಾಡಬೇಡಿ. ಮೊದಲು ಪಾಸ್‌ಪೋರ್ಟು, ಆಮೇಲೆ ತಿಂಗಳು, ಆಮೇಲೆ ಕಡಲು. ರಿಸಾರ್ಟು ಕೊನೆಗೆ.

ನಾವು ಎರಡು ಸಲ ಹೋಗಿದ್ದೇವೆ. ಮೊದಲ ಸಲ ನಾವಿಬ್ಬರು ಮತ್ತು ಮಕ್ಕಳು. ಎರಡನೇ ಸಲ ತಿಪಟೂರಿನಿಂದ ಬಂದಿದ್ದ ಅತ್ತೆ-ಮಾವನೂ ಜೊತೆಗಿದ್ದರು. ಮೊದಲ ಸಲ ಕಲಿತದ್ದರಲ್ಲಿ ಅರ್ಧ ಎರಡನೇ ಸಲಕ್ಕೆ ಉಪಯೋಗಕ್ಕೇ ಬರಲಿಲ್ಲ.

ಹೆಜ್ಜೆ 1: ಪಾಸ್‌ಪೋರ್ಟು ಬಿಚ್ಚಿ ಟೇಬಲ್ ಮೇಲಿಡಿ

ಪುಂಟಾ ಕಾನಾ ಇರುವುದು ಡೊಮಿನಿಕನ್ ರಿಪಬ್ಲಿಕ್‌ನ ಪೂರ್ವದ ತುದಿಯಲ್ಲಿ. ಭಾರತದ ಪಾಸ್‌ಪೋರ್ಟಿನವರಿಗೆ ಅಲ್ಲಿಗೆ ವೀಸಾ ಬೇಕು. ಆದರೆ ನಿಮ್ಮ ಬಳಿ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಬೇರೆ ವೀಸಾ ಬೇಡ. ಕೆನಡಾ, ಬ್ರಿಟನ್, ಷೆಂಗೆನ್ ವೀಸಾಗಳಿಗೂ ಇದೇ ಮಾತು. ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ತೆಗೆಯುವ ದಿನ ಅವರ ಕಾನ್ಸುಲೇಟಿನ ಪುಟವನ್ನು ಒಮ್ಮೆ ನೋಡಿಕೊಳ್ಳಿ.

'ಚಾಲ್ತಿಯಲ್ಲಿರುವ' ಅನ್ನುವ ಪದದ ಕೆಳಗೆ ಗೆರೆ ಎಳೆಯಿರಿ. ನಮಗೆ ಗೊತ್ತಿರುವ ಒಂದು ಕುಟುಂಬ ಬೆಳಗಿನ ನಾಲ್ಕೂವರೆಗೆ ಮಕ್ಕಳನ್ನು ಎಬ್ಬಿಸಿಕೊಂಡು ಏರ್‌ಪೋರ್ಟಿಗೆ ಹೋಗಿ, ಅಲ್ಲಿಂದಲೇ ಮನೆಗೆ ವಾಪಸ್ ಬಂತು. ಅವರ ಎಚ್-1ಬಿ (ಕೆಲಸದ ವೀಸಾ) ಅನುಮೋದನೆಯ ಐ-797 ಕಾಗದಕ್ಕೆ ಇನ್ನೂ ಎರಡು ವರ್ಷ ಅವಧಿ ಇತ್ತು, ಪಾಸ್‌ಪೋರ್ಟಿನ ಒಳಗಿನ ವೀಸಾ ಸ್ಟಾಂಪು ಮಾತ್ರ ಮುಗಿದಿತ್ತು. "ಕೆನಡಾಗೆ ಹಾಗೇ ಹೋಗಿ ಬಂದಿದ್ವಲ್ಲ" ಅಂತ ಅವರ ಧೈರ್ಯ. ಕೆನಡಾ, ಮೆಕ್ಸಿಕೋಗೆ ಮೂವತ್ತು ದಿನದ ಒಳಗೆ ಹೋಗಿ ಬರುವವರಿಗೆ ಹಳೆಯ ಸ್ಟಾಂಪಿನಲ್ಲೇ ಮರಳಿ ಬರಲು ಅವಕಾಶ ಇರುವುದು ನಿಜ. ಎಫ್ ಮತ್ತು ಜೆ ವೀಸಾದ ವಿದ್ಯಾರ್ಥಿಗಳಿಗೆ ಅದು ಹತ್ತಿರದ ದ್ವೀಪಗಳಿಗೂ ಅನ್ವಯವಾಗುತ್ತದೆ. ಎಚ್-1ಬಿ ಮತ್ತು ಅವರ ಮನೆಯವರ ಎಚ್-4 ವೀಸಾದವರಿಗೆ ದ್ವೀಪಗಳ ಮಟ್ಟಿಗೆ ಅದಿಲ್ಲ. ಗ್ರೀನ್ ಕಾರ್ಡಿನ ಅರ್ಜಿ ಕೊನೆಯ ಹಂತದಲ್ಲಿ ಬಾಕಿ ಇರುವವರು ಬುಕಿಂಗಿಗೆ ಮುಂಚೆ ವಕೀಲರ ಹತ್ತಿರ ಮಾತಾಡಿ.

ಸ್ಟಾಂಪು ಮುಗಿದವರಿಗೆ ಕೆರಿಬಿಯನ್ ಕಡಲೇ ಇಲ್ಲ ಅಂತಲ್ಲ. ಪೋರ್ಟೊ ರಿಕೋ, ಸೇಂಟ್ ಥಾಮಸ್ ಇವೆಲ್ಲ ಅಮೆರಿಕದ್ದೇ ನೆಲ. ಪಾಸ್‌ಪೋರ್ಟು ಮತ್ತು ಐ-797 ಕೈಯಲ್ಲಿಟ್ಟುಕೊಂಡು ಹೋಗಿ ಬನ್ನಿ. ಸೇಂಟ್ ಥಾಮಸ್‌ನಿಂದ ಹೊರಡುವಾಗ ಅಧಿಕಾರಿಗಳು ಕಾಗದ ನೋಡುತ್ತಾರೆ, ಗಾಬರಿಯಾಗಬೇಡಿ. ನನ್ನನ್ನು ಕೇಳಿದರೆ ಪೋರ್ಟೊ ರಿಕೋದ ಸ್ಯಾನ್ ಹ್ವಾನ್ ಪುಂಟಾ ಕಾನಾಗಿಂತ ಒಂದು ಕೈ ಮೇಲೆ. ಹಳೇ ಪೇಟೆ ಇದೆ, ಕೋಟೆ ಇದೆ, ಬೀದಿಯಲ್ಲಿ ಓಡಾಡಬಹುದು. ಆದರೆ ಕೈಗೊಂದು ಪಟ್ಟಿ ಕಟ್ಟಿ ದಿನವಿಡೀ ತಿನ್ನು ಅನ್ನುವ ಆಲ್-ಇನ್‌ಕ್ಲೂಸಿವ್ ಸುಖ ಅಲ್ಲಿ ಅಪರೂಪ.

ಊರಿಂದ ಬಂದ ಹಿರಿಯರಿದ್ದರೆ ಇನ್ನೂ ಮೂರು ವಿಷಯ ನೋಡಬೇಕು. ಅವರ ವೀಸಾದಲ್ಲಿ ಹಲವು ಸಲ ಪ್ರವೇಶಕ್ಕೆ ಅನುಮತಿ ಇರಬೇಕು. ವಾಪಸ್ ಬಂದಾಗ ಅಧಿಕಾರಿ ಹಳೆಯ ಐ-94 (ಅಮೆರಿಕದಲ್ಲಿ ಯಾವತ್ತಿನವರೆಗೆ ಇರಬಹುದು ಅನ್ನುವ ದಾಖಲೆ) ತಾರೀಖನ್ನೇ ಉಳಿಸಬಹುದು, ಹೊಸದು ಕೊಡಲೂಬಹುದು. ಮನೆಗೆ ಬಂದ ದಿನವೇ ಅದನ್ನು ಡೌನ್‌ಲೋಡ್ ಮಾಡಿ ನೋಡಿ. ಭಾರತಕ್ಕೆ ಮರಳುವ ಟಿಕೆಟ್ಟಿನ ಪ್ರತಿಯೂ ಜೊತೆಗಿರಲಿ. ಮೂರನೆಯದು ಹೆಸರು. ನಮ್ಮ ಕಡೆಯ ಎಷ್ಟೋ ಹಿರಿಯರ ಪಾಸ್‌ಪೋರ್ಟಿನಲ್ಲಿ ಎರಡು ಹೆಸರಿನ ಜಾಗದಲ್ಲಿ ಒಂದು ಖಾಲಿ ಇರುತ್ತದೆ, ಆಗ ಅಮೆರಿಕದ ವೀಸಾದಲ್ಲಿ 'ಎಫ್‌ಎನ್‌ಯು' (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಅಂತ ಬಿದ್ದಿರುತ್ತದೆ. ಟಿಕೆಟ್ಟಿನಲ್ಲಿ ಹೆಸರು ಹೇಗಿರಬೇಕು ಅಂತ ಏರ್‌ಲೈನಿಗೆ ಫೋನ್ ಮಾಡಿ ಕೇಳಿ. ಆನ್‌ಲೈನ್ ಫಾರಂ ಖಾಲಿ ಜಾಗ ಒಪ್ಪುವುದಿಲ್ಲ ಅಂತ ಇನಿಷಿಯಲ್ ತುರುಕಬೇಡಿ.

ಇನ್ನೊಂದು, ಡೊಮಿನಿಕನ್ ಸರ್ಕಾರದ 'ಇ-ಟಿಕೆಟ್'. ಇದು ವಿಮಾನದ ಟಿಕೆಟ್ಟಲ್ಲ, ಬರುವವರೂ ಹೋಗುವವರೂ ತುಂಬಬೇಕಾದ ಸರ್ಕಾರಿ ಫಾರಂ. ಮನೆಯವರನ್ನೆಲ್ಲ ಒಂದೇ ಅರ್ಜಿಯಲ್ಲಿ ಸೇರಿಸಬಹುದು. ಇದು ಪೂರ್ತಿ ಉಚಿತ. ದುಡ್ಡು ಕೇಳುವ ಪುಟ ತೆರೆದುಕೊಂಡರೆ ಅದು ಮಧ್ಯವರ್ತಿಯದು, ಮುಚ್ಚಿಬಿಡಿ. ಬಂದ ಕ್ಯೂಆರ್ ಕೋಡಿನ ಸ್ಕ್ರೀನ್‌ಶಾಟ್ ಇಬ್ಬರ ಫೋನಿನಲ್ಲಾದರೂ ಇರಲಿ.

ಹೆಜ್ಜೆ 2: ತಿಂಗಳು

ಡಿಸೆಂಬರಿನಿಂದ ಏಪ್ರಿಲ್ ಮೊದಲ ಭಾಗದವರೆಗೆ ಒಣ ಹವೆ, ಹಿತವಾದ ಬಿಸಿಲು, ಜೊತೆಗೆ ಏರಿದ ದರ. ಕ್ರಿಸ್‌ಮಸ್ ವಾರ, ಫೆಬ್ರವರಿಯ ಶಾಲೆಯ ರಜೆ, ಮಾರ್ಚಿನ ಸ್ಪ್ರಿಂಗ್ ಬ್ರೇಕ್‌ಗಳಲ್ಲಿ ಅತಿ ದುಬಾರಿ. ಶಾಲೆಗೆ ಮೂರು ದಿನ ಚಕ್ಕರ್ ಹಾಕಿಸುವ ಧೈರ್ಯ ನಿಮಗಿದ್ದರೆ ಡಿಸೆಂಬರ್ ಮೊದಲ ವಾರಕ್ಕೆ ಸಮನಾದ್ದಿಲ್ಲ.

ಚಂಡಮಾರುತದ ಕಾಲ ಜೂನ್ 1 ರಿಂದ ನವೆಂಬರ್ 30. ಅದರ ಜೋರು ಆಗಸ್ಟ್ ನಡುವಿನಿಂದ ಅಕ್ಟೋಬರ್‌ವರೆಗೆ. 2022ರ ಸೆಪ್ಟೆಂಬರಿನಲ್ಲಿ ಫಿಯೋನಾ ಚಂಡಮಾರುತ ನೆಲಕ್ಕೆ ಬಡಿದದ್ದು ಈ ಪೂರ್ವದ ತುದಿಗೇ. ಆ ತಿಂಗಳುಗಳಲ್ಲಿ ಅರ್ಧ ಬೆಲೆಗೆ ಸಿಕ್ಕಿತು ಅಂತ ಕೊಳ್ಳುವವರು ಪ್ರಯಾಣ ವಿಮೆಯನ್ನು ಬುಕ್ ಮಾಡಿದ ವಾರವೇ ತೆಗೆದುಕೊಳ್ಳಿ. ಬಿರುಗಾಳಿಗೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಆ ಬಿರುಗಾಳಿಗೆ ಉಪಯೋಗಕ್ಕೆ ಬರುವುದಿಲ್ಲ.

ಬೇಸಿಗೆ ರಜೆಯಲ್ಲಿ ಹೋಗುವವರಿಗೆ ಇನ್ನೊಂದು ಕಿರಿಕಿರಿ ಸರ್ಗಾಸಮ್. ಕಂದು ಬಣ್ಣದ ಕಡಲಕಳೆ. 2011ರಿಂದೀಚೆಗೆ ಇದು ಅಟ್ಲಾಂಟಿಕ್‌ನಿಂದ ಹಾಸಿನಂತೆ ತೇಲಿ ಬರುತ್ತಿದೆ. ಸುಮಾರಾಗಿ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಹಾವಳಿ ಹೆಚ್ಚು. ದಡಕ್ಕೆ ಬಿದ್ದು ಕೊಳೆತರೆ ಕೊಳೆತ ಮೊಟ್ಟೆಯ ವಾಸನೆ. ರಿಸಾರ್ಟಿನವರು ಬೆಳಗಾಗೆದ್ದು ಟ್ರ್ಯಾಕ್ಟರಿನಲ್ಲಿ ಬಾಚುತ್ತಾರೆ, ಮಧ್ಯಾಹ್ನಕ್ಕೆ ಮತ್ತೆ ಬಂದಿರುತ್ತದೆ. ಹೋಗುವ ಹಿಂದಿನ ವಾರ ಅಲ್ಲಿದ್ದು ಬಂದವರು ಹಾಕಿದ ಫೋಟೋ ನೋಡಿ. ರಿಸಾರ್ಟಿನ ಫೋಟೋದಲ್ಲಿ ಕಡಲಕಳೆ ಎಂದೂ ಇರುವುದಿಲ್ಲ.

ಹೆಜ್ಜೆ 3: ಯಾವ ಕಡಲು

'ಪುಂಟಾ ಕಾನಾ' ಅಂತ ಮಾರುವ ರಿಸಾರ್ಟುಗಳು ಹತ್ತಾರು ಮೈಲಿ ಉದ್ದಕ್ಕೆ ಹರಡಿವೆ, ನೀರು ಎಲ್ಲ ಕಡೆ ಒಂದೇ ಥರ ಇಲ್ಲ. ಬಾವಾರೋ ತೀರದಲ್ಲಿ ದೂರದಲ್ಲಿ ಹವಳದ ದಿಬ್ಬ ಅಲೆಯನ್ನು ತಡೆಯುತ್ತದೆ, ಮಕ್ಕಳಿಗೆ ಒಳ್ಳೆಯದು. ಉತ್ತರಕ್ಕೆ ಮಕಾವೊ, ಉವೆರೋ ಆಲ್ಟೊ ಕಡೆ ಅಲೆ ಜೋರು. ಅಲ್ಲಿ ರಿಸಾರ್ಟುಗಳು ಚೆಂದ, ದರವೂ ಕಡಿಮೆ, ಆದರೆ ಐದು ವರ್ಷದ ಮಗು ಇಡೀ ವಾರ ಈಜುಕೊಳದಲ್ಲೇ ಕಳೆಯಬೇಕಾದೀತು.

ಇನ್ನೊಂದು ಸಂಗತಿ ನಮಗೆ ಅಲ್ಲಿಗೆ ಹೋದ ಮೇಲೇ ಹೊಳೆದದ್ದು. ಇದು ಪೂರ್ವದ ಕರಾವಳಿ. ಮಲ್ಪೆ, ಗೋಕರ್ಣ ನೋಡಿ ಬೆಳೆದ ನಮಗೆ ಕಡಲೆಂದರೆ ಸಂಜೆ ಸೂರ್ಯ ಮುಳುಗುವ ಜಾಗ. ಮಾವ ಸಂಜೆ ಐದಕ್ಕೇ ಕುರ್ಚಿ ಎಳೆದುಕೊಂಡು ನೀರಿನ ಕಡೆ ಮುಖ ಮಾಡಿ ಕೂತರು. ಸೂರ್ಯ ಅವರ ಬೆನ್ನ ಹಿಂದೆ, ಊಟದ ಹಾಲಿನ ಆಚೆ ಮುಳುಗಿದ. ಮರುದಿನದಿಂದ ಬೆಳಗಿನ ಆರಕ್ಕೇ ಕಾಫಿ ಹಿಡಿದು ಹೋಗುತ್ತಿದ್ದರು. ಕಡಲಲ್ಲಿ ಸೂರ್ಯಾಸ್ತ ಬೇಕೇ ಬೇಕು, ನೀರು ಕೊಳದ ಹಾಗಿರಬೇಕು ಅನ್ನುವವರು ವಿಮಾನ ನಿಲ್ದಾಣದಿಂದ ಒಂದು ಗಂಟೆ ದೂರದ ಬಾಯಾಇಬೆ ನೋಡಿ. ಅದು ನಿಜವಾದ ಕೆರಿಬಿಯನ್ ಸಮುದ್ರದ ಮಗ್ಗುಲು, ಕಡಲಕಳೆಯ ಕಾಟವೂ ಕಡಿಮೆ. ಹಿರಿಯರನ್ನು ಕರೆದುಕೊಂಡು ಮತ್ತೆ ಹೋದರೆ ನಾನು ಅಲ್ಲಿಗೇ ಹೋಗುವುದು.

ಹೆಜ್ಜೆ 4: ಕೋಣೆ

ಆಲ್-ಇನ್‌ಕ್ಲೂಸಿವ್ ದರ ತಲೆಲೆಕ್ಕ, ಕೋಣೆಯ ಲೆಕ್ಕವಲ್ಲ. ಆರು ಜನಕ್ಕೆ ಎರಡು ಕೋಣೆ ತೆಗೆಯುವಾಗ 'ಕನೆಕ್ಟಿಂಗ್' ಅಂತ ಕೇಳಿ. ಒಳಗಿನಿಂದ ಬಾಗಿಲಿರುತ್ತದೆ. 'ಅಡ್ಜಾಯ್ನಿಂಗ್' ಅಂದರೆ ಬರೀ ಪಕ್ಕದ ಕೋಣೆ. ಈಮೇಲ್‌ನಲ್ಲಿ ಬರೆಸಿಕೊಳ್ಳಿ, ಫೋನಿನಲ್ಲಿ ಹೇಳಿದ್ದು ನಿಲ್ಲುವುದಿಲ್ಲ. ಮಂಡಿನೋವಿನವರಿದ್ದರೆ ಲಿಫ್ಟ್ ಇದೆಯೇ, ಊಟದ ಹಾಲಿಗೆ ಎಷ್ಟು ನಡಿಗೆ ಅಂತ ಕೇಳಿ. ದೊಡ್ಡ ರಿಸಾರ್ಟುಗಳಲ್ಲಿ ಕೋಣೆಯಿಂದ ತಿಂಡಿಗೆ ಕಾಲು ಗಂಟೆ ನಡೆಯುವುದು ಮಾಮೂಲು. 'ಅಡಲ್ಟ್ಸ್ ಓನ್ಲಿ' ಅನ್ನುವುದನ್ನು ಗಮನಿಸದೆ ಬುಕ್ ಮಾಡಿ ಫಜೀತಿಪಟ್ಟವರೂ ಇದ್ದಾರೆ.

ಹೆಜ್ಜೆ 5: ಊಟ

ಮೊದಲು ಒಂದು ಪದ. ಸ್ಪ್ಯಾನಿಷ್‌ನಲ್ಲಿ 'ಕಾರ್ನೆ' ಅಂದರೆ ಮಾಂಸ, ಆದರೆ ಆಡುಮಾತಿನಲ್ಲಿ ಅದು ಹೆಚ್ಚಾಗಿ ದನ, ಹಂದಿ. 'ಸಿನ್ ಕಾರ್ನೆ', ಅಂದರೆ ಮಾಂಸ ಬೇಡ, ಅಂತ ಕೇಳಿದರೆ ಸಂತೋಷವಾಗಿ ಕೋಳಿ ತಂದಿಡುತ್ತಾರೆ. ಅವರ ಲೆಕ್ಕದಲ್ಲಿ ಅವರು ಸರಿ. ಹೀಗೆ ಬಿಡಿಸಿ ಹೇಳಬೇಕು: 'ನೋ ಕೋಮೊ ಕಾರ್ನೆ, ನಿ ಪೋಯೊ, ನಿ ಪೆಸ್ಕಾದೊ, ನಿ ಹಮೋನ್.' ಮಾಂಸ, ಕೋಳಿ, ಮೀನು, ಹಂದಿಯ ಹ್ಯಾಮ್ ಯಾವುದನ್ನೂ ತಿನ್ನುವುದಿಲ್ಲ ಅಂತ. ಮೊಟ್ಟೆಯೂ ಇಲ್ಲವಾದರೆ 'ನಿ ವೇವೊ' ಸೇರಿಸಿ. ಅನ್ನ, ಬೀನ್ಸ್ ಮುಂದೆ ನಿಂತಾಗ 'ಕಾಲ್ದೊ ದೆ ಪೋಯೊ?' ಅಂತ ಕೇಳಿ. ಕೋಳಿಯ ಸಾರಿನ ಬಿಲ್ಲೆ ಹಾಕಿದ್ದೀರಾ ಅಂತ ಅರ್ಥ. ನೋಡಲು ಶುದ್ಧ ಸಸ್ಯಾಹಾರದಂತಿರುವ ಅರ್ಧ ಅಡಿಗೆಗೆ ಅದು ಬಿದ್ದಿರುತ್ತದೆ. ಬಂದ ಮೊದಲ ದಿನವೇ ಬಫೆಯ ಮುಖ್ಯ ಬಾಣಸಿಗರನ್ನು ಹುಡುಕಿ ಇದನ್ನು ಕಾಗದದಲ್ಲಿ ತೋರಿಸಿ. ನಮಗೆ ಎರಡನೇ ದಿನದಿಂದ ಒಂದು ಪಾತ್ರೆ ಬೀನ್ಸ್ ಬೇರೆಯೇ ಬೇಯುತ್ತಿತ್ತು.

ಈಗ ತಿನ್ನುವ ಸಂಗತಿ. ಬೆಳಗ್ಗೆ 'ಮಂಗೂ' ಇರುತ್ತದೆ: ಬಲಿತ ಬಾಳೆಕಾಯಿ ಬೇಯಿಸಿ ಹಿಸುಕಿ, ಮೇಲೆ ವಿನೆಗರಿನಲ್ಲಿ ಬಾಡಿಸಿದ ಕೆಂಪು ಈರುಳ್ಳಿ. ಪಕ್ಕದಲ್ಲಿಡುವ ಸಾಸೇಜು, ಮೊಟ್ಟೆ ಬೇಡವೆನ್ನಿ. 'ಟೋಸ್ಟೋನೆಸ್' ಅಂದರೆ ಚಪ್ಪಟೆ ಮಾಡಿ ಎರಡು ಸಲ ಕರಿದ ಬಾಳೆಕಾಯಿ. ಮಕ್ಕಳು ಅದನ್ನೇ ಮೂರು ಹೊತ್ತೂ ತಿಂದರು. 'ಯೂಕಾ' ನಮ್ಮ ಮರಗೆಣಸು. ಅದರ ಹಿಟ್ಟಿನಿಂದ ಮಾಡಿದ 'ಕಸಾಬೆ' ಹಪ್ಪಳಕ್ಕೂ ಒಣರೊಟ್ಟಿಗೂ ನಡುವಿನದು. ಕೊಲಂಬಸ್ ಬರುವ ಮೊದಲು ಅಲ್ಲಿದ್ದ ಟೈನೊ ಜನರ ತಿನಿಸು. ಬೆಣ್ಣೆ ಸವರಿ ಚಟ್ನಿಪುಡಿ ಉದುರಿಸಿದರೆ ಯಾವ ಊರಿನದೂ ಅಲ್ಲದ ಒಳ್ಳೆ ತಿಂಡಿ.

ಮೂರನೇ ದಿನ ಮಧ್ಯಾಹ್ನ ಅತ್ತೆ ತಟ್ಟೆಯಿಂದ ಒಂದು ಕಾಳು ತೆಗೆದು, ಬೆರಳಿನಲ್ಲಿ ಸಿಪ್ಪೆ ಜಾರಿಸಿ, ಮೂಗಿನ ಹತ್ತಿರ ಹಿಡಿದರು. "ಇದು ತೊಗರಿ ಕಣೇ. ಹಸೀ ತೊಗರಿ." 'ಗಂಡೂಲೆಸ್' ಅಂತ ಚೀಟಿ ಅಂಟಿಸಿದ್ದ ಪಾತ್ರೆ ಅದು, ಕಾಯಿಹಾಲಿನ ಜೊತೆ ಬೆಂದ ಅನ್ನ. ನಾನು ನಂಬಲಿಲ್ಲ, ಫೋನ್ ತೆಗೆದು ನೋಡಿದೆ. ತೊಗರಿಯೇ! ನಮ್ಮ ಕಡೆಯಿಂದ ಆಫ್ರಿಕಾಗೆ ಹೋಗಿ, ಅಲ್ಲಿಂದ ಈ ದ್ವೀಪಗಳಿಗೆ ಬಂದ ಕಾಳು. ಸೊಗಡು ಸ್ವಲ್ಪ ಕಮ್ಮಿ ಅಂತ ಅತ್ತೆ ತೀರ್ಪು ಕೊಟ್ಟರು, ಆದರೆ ಎರಡನೇ ಸಲ ಬಡಿಸಿಕೊಂಡರು. ಬಫೆಯಲ್ಲಿ 'ಮೋರೊ ದೆ ಗಂಡೂಲೆಸ್' ಕಂಡರೆ ಬಿಡಬೇಡಿ, ಕಾಲ್ದೊ ಪ್ರಶ್ನೆ ಕೇಳಿ ಬಡಿಸಿಕೊಳ್ಳಿ.

ಇಷ್ಟಿದ್ದರೂ ಐದನೇ ದಿನ ಹಿರಿಯರಿಗೆ ಸಾರು ನೆನಪಾಗುತ್ತದೆ. ಅಂಗಡಿಯ ಮುದ್ರೆ ಒಡೆಯದ ಪೊಟ್ಟಣಗಳಲ್ಲಿ ದಿಢೀರ್ ಅವಲಕ್ಕಿ, ಉಪ್ಪಿಟ್ಟಿನ ಮಿಶ್ರಣ, ಸಾರಿನಪುಡಿ ಒಯ್ಯಿರಿ. ಹಸಿ ತರಕಾರಿ, ಹಣ್ಣು, ಬೀಜ ಬೇಡ. ವಿದ್ಯುತ್ 110 ವೋಲ್ಟ್, ಪ್ಲಗ್ಗು ಅಮೆರಿಕದ್ದೇ, ಮನೆಯ ಪುಟ್ಟ ಕೆಟಲ್ ನಡೆಯುತ್ತದೆ. ಊರಿಂದ ತಂದ 220ರ ಕೆಟಲ್‌ನಲ್ಲಿ ನೀರು ಕಾಯಲು ತುಂಬಾ ಹೊತ್ತು ಬೇಕು. ನಲ್ಲಿ ನೀರು ಕುಡಿಯಬೇಡಿ, ಹಲ್ಲುಜ್ಜಲೂ ಬಾಟಲಿ ನೀರೇ ಇರಲಿ.

ರಾತ್ರಿಯ ವಿಶೇಷ ರೆಸ್ಟೋರೆಂಟುಗಳಿಗೆ ಮೊದಲೇ ಜಾಗ ಕಾದಿರಿಸಬೇಕು, ಗಂಡಸರು ಉದ್ದ ಪ್ಯಾಂಟು ಹಾಕಿರಬೇಕು. ಮಾವ ಜರಿಯಂಚಿನ ಪಂಚೆಯಲ್ಲಿ ಬಂದರು. ಬಾಗಿಲಲ್ಲಿದ್ದ ಹುಡುಗ ನಿಯಮದ ಹಲಗೆ ನೋಡಿದ, ಪಂಚೆ ನೋಡಿದ, ಒಳಗೆ ಹೋಗಿ ದೊಡ್ಡವರನ್ನು ಕರೆತಂದ. ಅವರು ನಕ್ಕು ಕಿಟಕಿ ಪಕ್ಕದ ಮೇಜು ಕೊಟ್ಟರು. ಹಿಮ್ಮಡಿಯವರೆಗೆ ಇಳಿದದ್ದು ಪ್ಯಾಂಟಿಗಿಂತ ಉದ್ದವೇ ತಾನೆ.

ಹೆಜ್ಜೆ 6: ಬಟ್ಟೆ, ಮದ್ದು

ಪುಂಟಾ ಕಾನಾ ನಮ್ಮ ಬೀದರಿಗಿಂತ ಸ್ವಲ್ಪವೇ ಉತ್ತರಕ್ಕಿರುವ ಅಕ್ಷಾಂಶ. ನಮ್ಮದು ಕಂದು ಚರ್ಮ, ಏನೂ ಆಗಲ್ಲ ಅಂತ ಮೊದಲ ಸಲ ನಾನೂ ಅಂದುಕೊಂಡಿದ್ದೆ. ಭುಜದ ಸಿಪ್ಪೆ ಏಳುವಾಗ ಬುದ್ಧಿ ಬಂತು. ಸನ್‌ಸ್ಕ್ರೀನ್ ಇಲ್ಲಿಂದಲೇ ಒಯ್ಯಿರಿ, ರಿಸಾರ್ಟಿನ ಅಂಗಡಿಯಲ್ಲಿ ಕೈ ಸುಡುವ ಬೆಲೆ. ಡೆಂಗಿ ಇರುವ ಊರು, ಸೊಳ್ಳೆ ಮುಲಾಮೂ ಬೇಕು. ಈಜುಕೊಳಕ್ಕೆ ಚೂಡಿದಾರ, ಹತ್ತಿಯ ಬಟ್ಟೆ ಬಿಡುವುದಿಲ್ಲ. ಈಜುಡುಗೆ ಬೇಡವೆನ್ನುವ ಹೆಂಗಸರಿಗೆ ತುಂಬುತೋಳಿನ ರ‍್ಯಾಶ್‌ಗಾರ್ಡ್, ಈಜು ಬಟ್ಟೆಯ ಲೆಗಿಂಗ್ಸ್ ಸಿಗುತ್ತವೆ. ಅತ್ತೆಗೆ ಒಂದು ಜೊತೆ ತಂದುಕೊಟ್ಟೆ, ಅರವತ್ತೇಳನೇ ವಯಸ್ಸಿನಲ್ಲಿ ಮೊದಲ ಸಲ ಕತ್ತಿನವರೆಗೆ ನೀರಿಗಿಳಿದರು. ಬಳೆ, ಸರ ತೆಗೆದಿಟ್ಟು ಇಳಿಯಲಿ.

ಬಿಪಿ, ಸಕ್ಕರೆ ಮಾತ್ರೆಗಳು ಚೀಟಿ ಸಮೇತ ಕೈಚೀಲದಲ್ಲಿರಲಿ. ಹಿರಿಯರಿಗೆಂದು ಅಮೆರಿಕದಲ್ಲಿ ಮಾಡಿಸಿದ ವಿಸಿಟರ್ ವಿಮೆ ಈ ದೇಶದಲ್ಲೂ ನಡೆಯುತ್ತದೆಯೇ ಅಂತ ಕೇಳಿ. ನಡೆಯದಿದ್ದರೆ ಆ ವಾರಕ್ಕೆ ಬೇರೆ ಮಾಡಿಸಿ.

ಹೆಜ್ಜೆ 7: ಬಂದ ದಿನ

ನ್ಯೂಆರ್ಕಿನಿಂದ ನೇರ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ನಿಲ್ದಾಣಕ್ಕೇ ತಾಳೆಗರಿಯ ಚಾವಣಿ ಇದೆ, ಮಕ್ಕಳು "ನಮ್ಮ ರಿಸಾರ್ಟ್ ಇದೇನಾ" ಅಂತ ಕೇಳುತ್ತಾರೆ. ಹೊರಗೆ ಬರುತ್ತಿದ್ದಂತೆ ಹತ್ತು ಜನ ಕೈ ಬೀಸುತ್ತಾರೆ. ಮೊದಲೇ ಬುಕ್ ಮಾಡಿದ ವಾಹನದವರ ಹೆಸರು ನೋಡಿಕೊಂಡು ಸೀದಾ ನಡೆಯಿರಿ.

ರಿಸಾರ್ಟಿನಲ್ಲಿ ಕೈಪಟ್ಟಿ ಕಟ್ಟಿದ ಮೇಲೆ ನಗುಮುಖದವರೊಬ್ಬರು ಇನ್ನೊಂದು ಮೇಜಿಗೆ ಕರೆಯುತ್ತಾರೆ: ನಾಳೆ ತಿಂಡಿಗೆ ಬನ್ನಿ, ನಿಮಗೊಂದು ಉಡುಗೊರೆ. ಅದು ಟೈಮ್‌ಶೇರ್, ಅಂದರೆ ವರ್ಷದಲ್ಲಿ ಕೆಲವು ದಿನ ರಿಸಾರ್ಟಿನಲ್ಲಿ ಉಳಿಯುವ ಹಕ್ಕು, ಮಾರುವವರ ಮೇಜು. 'ತೊಂಬತ್ತೇ ನಿಮಿಷ' ಅಂದದ್ದು ಮೊದಲ ಸಲ ನಮ್ಮದೊಂದು ಬೆಳಗನ್ನು ಪೂರ್ತಿ ತಿಂದಿತು. "ನೋ, ಗ್ರಾಸಿಯಾಸ್" ಅಂದು ಮುಂದೆ ಹೋಗಿ. ಒಂದು ಡಾಲರಿನ ನೋಟುಗಳು ಒಂದು ಕಟ್ಟು ಇರಲಿ. ಕೋಣೆ ಗುಡಿಸುವವರಿಗೆ, ಬಡಿಸುವವರಿಗೆ ದಿನವೂ ಒಂದೆರಡು ಕೊಡಿ. ಕೊನೇ ದಿನ ಒಟ್ಟಿಗೆ ಕೊಟ್ಟರೆ ವಾರವಿಡೀ ದುಡಿದವರಿಗೆ ಅದು ಸೇರದೇ ಹೋಗಬಹುದು.

ಅಂದು ಸಂಜೆ ಅತ್ತೆ ತೆಂಗಿನಮರಗಳ ಸಾಲನ್ನು ಒಂದು ಸುತ್ತು ನೋಡಿ ಬಂದರು. ತಿಪಟೂರಿನವರಲ್ಲವೇ. "ಇಷ್ಟೊಂದ್ ಮರ, ಒಂದ್ ಕಾಯೂ ಇಲ್ವಲ್ಲೇ! ಏನ್ ರೋಗ ಬಂದಿದೆ ಇವಕ್ಕೆ?" ರೋಗವಲ್ಲ. ಕೆಳಗೆ ಮಲಗಿದವರ ತಲೆಮೇಲೆ ಬೀಳದಿರಲಿ ಅಂತ ಕಾಯನ್ನು ಮೊದಲೇ ಇಳಿಸಿಬಿಡುತ್ತಾರೆ.

ಹೆಜ್ಜೆ 8: ನೀರಿಗೆ ಇಳಿಯುವ ಮುಂಚೆ

ದಡದ ಬಾವುಟ ನೋಡಿ. ಹಸಿರು ಸರಿ, ಹಳದಿ ಜಾಗ್ರತೆ, ಕೆಂಪು ಇದ್ದರೆ ಇಳಿಯಬೇಡಿ, ನೇರಳೆ ಇದ್ದರೆ ಜೆಲ್ಲಿಮೀನಿನಂಥವು ಇವೆ ಅಂತ. ಸೆಳವು ಎಳೆದರೆ ದಡದ ಕಡೆಗೆ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮನಾಗಿ ಅಡ್ಡಕ್ಕೆ ಈಜಿ ಸೆಳವಿನಿಂದ ಹೊರಬಂದು, ಆಮೇಲೆ ತಿರುಗಿ. ಗಾಳಿ ತುಂಬುವ ತೋಳುಪಟ್ಟಿ ಆಟಿಕೆ ಅಷ್ಟೇ, ಮಕ್ಕಳಿಗೆ ಅಳತೆಯ ಲೈಫ್‌ಜಾಕೆಟ್ ಮನೆಯಿಂದಲೇ ಒಯ್ಯಿರಿ. ಎಲ್ಲಕ್ಕಿಂತ ಮುಖ್ಯ, ಆರು ದೊಡ್ಡವರು ದಡದಲ್ಲಿದ್ದಾರೆ ಅಂದರೆ ಯಾರೂ ನೋಡುತ್ತಿಲ್ಲ ಅಂತ ಅರ್ಥ. ನಾವು ಅರ್ಧ ಗಂಟೆಯ ಪಾಳಿ ಹಾಕಿಕೊಂಡಿದ್ದೆವು, ಪಾಳಿಯವರ ಕೈಯಲ್ಲಿ ಫೋನ್ ಇಲ್ಲ.

ರಿಸಾರ್ಟಿನ ಆಚೆಯ ಕಾಡು ತೀರಗಳಿಗೆ ಹೋದರೆ ಪುಟ್ಟ ಹಸಿರು ಸೇಬಿನಂಥ ಹಣ್ಣು ಮುಟ್ಟಬೇಡಿ. ಮಂಚಿನೀಲ್ ಮರ ಇರಬಹುದು. ಕೆರಿಬಿಯನ್ ತೀರಗಳ ವಿಷದ ಮರ ಅದು. ಹಾಲು ತಾಗಿದರೆ ಬೊಬ್ಬೆ ಏಳುತ್ತದೆ, ಮಳೆಯಲ್ಲಿ ಅದರ ಕೆಳಗೆ ನಿಂತರೂ ಸಾಕು.

ಹೆಜ್ಜೆ 9: ಒಂದು ದಿನ ಹೊರಗೆ

ಒಂದೇ ದಿನ ಸಾಕು, ಸಾವೋನಾ ದ್ವೀಪಕ್ಕೆ ಹೋಗಿ. ಬಾಯಾಇಬೆಯಿಂದ ದೋಣಿ. ಹೋಗುವಾಗ ವೇಗದ ದೋಣಿ, ಬರುವಾಗ ದೊಡ್ಡ ಹಾಯಿದೋಣಿ, ಅಥವಾ ತಿರುಗಾಮುರುಗಾ. ವೇಗದ ದೋಣಿ ಅಲೆಯ ಮೇಲೆ ಎತ್ತಿ ಎತ್ತಿ ಕುಕ್ಕುತ್ತದೆ, ಬೆನ್ನುನೋವಿನವರು, ಬಸುರಿಯರು ಹತ್ತಬಾರದು. ದೊಡ್ಡ ದೋಣಿಯಲ್ಲಿ ರಮ್ಮು, ಕಿವಿ ಹರಿಯುವ ಹಾಡು. ಬೆಳಗ್ಗೆ ಬೇಗ ಹೊರಡುವ ಸಣ್ಣ ಗುಂಪಿನ ಪ್ರವಾಸ ಕೇಳಿ ತೆಗೆದುಕೊಳ್ಳಿ, ದುಡ್ಡು ಹೆಚ್ಚಾದರೂ. ನಡುಗಡಲಲ್ಲಿ ಸೊಂಟದುದ್ದ ನೀರಿನ 'ನ್ಯಾಚುರಲ್ ಪೂಲ್' ಇದೆ, ತಳದಲ್ಲಿ ನಕ್ಷತ್ರಮೀನು. ಫೋಟೋಗೆಂದು ನೀರಿನಿಂದ ಎತ್ತಿದರೆ ಅವು ಸಾಯಬಹುದು. ದೋಣಿಯವನೇ ಎತ್ತಿ ಕೊಡಲು ಬಂದರೂ ಬೇಡವೆನ್ನಿ.

ಕೊಳ್ಳುವುದಾದರೆ ಲಾರಿಮಾರ್. ಆಕಾಶನೀಲಿಯ ಈ ಕಲ್ಲು ಈ ದೇಶದಲ್ಲಷ್ಟೇ ಗಣಿಯಿಂದ ಸಿಗುವುದು. 1974ರಲ್ಲಿ ಅದಕ್ಕೆ ಹೆಸರಿಟ್ಟವರು ತಮ್ಮ ಮಗಳು ಲಾರಿಸಾಳ ಹೆಸರಿಗೆ ಸ್ಪ್ಯಾನಿಷ್‌ನ 'ಮಾರ್', ಅಂದರೆ ಕಡಲು, ಜೋಡಿಸಿದರು. ಮರಳಿನ ಮೇಲೆ ಮಾರುವವರ ಬಳಿ ಪ್ಲಾಸ್ಟಿಕ್ಕೂ ಇರುತ್ತದೆ. ಅಸಲಿ ಕಲ್ಲು ಕೆನ್ನೆಗೆ ತಾಗಿಸಿದರೆ ತಣ್ಣಗಿರುತ್ತದೆ.

ಹೊರಡುವ ದಿನ

ಪಾಸ್‌ಪೋರ್ಟುಗಳನ್ನು ಸೇಫ್‌ನಿಂದ ತೆಗೆದು ಎಣಿಸಿ. ಅಮೆರಿಕದ ಕಸ್ಟಮ್ಸ್‌ನಲ್ಲಿ ಆಹಾರ ಇದೆಯೇ ಅಂದರೆ, ಉಳಿದ ಚಟ್ನಿಪುಡಿಗೂ "ಇದೆ" ಅಂತಲೇ ಹೇಳಿ. ಹೇಳಿದರೆ ನೋಡಿ ಬಿಡುತ್ತಾರೆ, ಮುಚ್ಚಿಟ್ಟರೆ ದಂಡ. ಹಣ್ಣು, ಬೀಜ ಒಯ್ಯಬೇಡಿ.

ಇದನ್ನು ನಾನು ಕೋಣೆಯಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದಾಗ ಅತ್ತೆ ಸೆರಗಿನ ತುದಿ ಬಿಚ್ಚಿದರು. ಒಳಗೆ ಒಂದು ಹಿಡಿ ಒಣ ಗಂಡೂಲೆಸ್, ಬಫೆಯ ಬಾಣಸಿಗ ಕೊಟ್ಟದ್ದಂತೆ. "ಹಿತ್ತಲಲ್ಲಿ ನಾಲ್ಕ್ ಗಿಡ ಹಾಕಣಾ ಅಂತ." ವಾಹನ ಬರುವುದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ಅವರೇ ಹೋಗಿ ಅವನ ಕೈಗೆ ವಾಪಸ್ ಸುರಿದು ಬಂದರು.